ಒಬ್ಬರೇ ನಡೆಸುವ ಹಳೇ ಸಾಮಾನಿನ ಅಂಗಡಿ: ಏನನ್ನು ಕೊಳ್ಳಬೇಕು, ಏನನ್ನು ಬೇಡ ಅನ್ನಬೇಕು?

ಹಿಂದಿನಕೋಣೆ:

ಎಲ್ಲರಿಗೂ ನಮಸ್ಕಾರ. ನನ್ನದು ಸೆಕೆಂಡ್ ಹ್ಯಾಂಡ್ ಮತ್ತು ವಿಂಟೇಜ್ ಅಂಗಡಿ. ಬಟ್ಟೆ, ಕ್ಯಾಮೆರಾ, ಗಾಜಿನ ಸಾಮಾನು, ಪುಸ್ತಕ, ಹಾಡಿನ ತಟ್ಟೆ (ಗ್ರಾಮಫೋನ್ ರೆಕಾರ್ಡ್) ಎಲ್ಲವೂ ಇದೆ. ಕೆಲಸಕ್ಕೆ ಮಾತ್ರ ನಾನೊಬ್ಬನೇ. ಮಾಲು ತರುವುದು, ತೊಳೆಯುವುದು, ರಿಪೇರಿ, ಫೋಟೋ, ಆನ್‌ಲೈನಿಗೆ ಹಾಕುವುದು, ಪ್ಯಾಕಿಂಗ್, ಲೆಕ್ಕ, ಬಂದವರ ಜೊತೆ ಮಾತು, ಎಲ್ಲ ನನ್ನ ತಲೆ ಮೇಲೆಯೇ.

ವ್ಯಾಪಾರ ಚೆನ್ನಾಗಿಯೇ ಇದೆ. ತೊಂದರೆ ಬೇರೆ. ಅಂಗಡಿಯ ಮುಂಭಾಗದಲ್ಲಿ ಮಾಲು ಖಾಲಿಯಾಗುವುದಕ್ಕಿಂತ ಬೇಗ ಹಿಂದಿನ ಕೋಣೆ ತುಂಬುತ್ತಿದೆ. ಜನ ಪೆಟ್ಟಿಗೆಗಟ್ಟಲೆ ತಂದು ಬಾಗಿಲಲ್ಲಿ ನಿಲ್ಲುತ್ತಾರೆ. ಬಿಚ್ಚಿ ನೋಡಿದರೆ ಒಂದಾದರೂ ಒಳ್ಳೆಯ ವಸ್ತು ಇದ್ದೇ ಇರುತ್ತದೆ. ಆ ಒಂದಕ್ಕಾಗಿ ಪೆಟ್ಟಿಗೆ ಇಳಿಸಿಕೊಳ್ಳುತ್ತೇನೆ, ಉಳಿದದ್ದು ಹಾಗೇ ಕೂತಿರುತ್ತದೆ. ಒಬ್ಬರೇ ಅಂಗಡಿ ನಡೆಸುವವರು ಬಾಗಿಲಲ್ಲಿ ನಿಂತೇ ಹೇಗೆ ತೀರ್ಮಾನ ಮಾಡುತ್ತೀರಿ? ಮಾರಾಟ ಹೆಚ್ಚಿಸುವ ಉಪಾಯ ಕೇಳುತ್ತಿಲ್ಲ, ಕೊಳ್ಳುವ ವಿಷಯದಲ್ಲಿ ಕೈ ಬಿಗಿ ಹಿಡಿಯುವುದು ಹೇಗೆ ಅನ್ನುವುದಷ್ಟೇ ನನ್ನ ಪ್ರಶ್ನೆ.

ಸೂಜಿದಾರ:

ನಾನು ಬರೀ ಬಟ್ಟೆಯವಳು, ಹಾಗಾಗಿ ಬಟ್ಟೆ ಬಗ್ಗೆ ಹೇಳ್ತೀನಿ.

ಕೊಳ್ಳುವ ರೇಟು ನೋಡಿ ತೀರ್ಮಾನ ಮಾಡೋದನ್ನ ನಾನು ಬಿಟ್ಟು ಬಹಳ ಕಾಲ ಆಯ್ತು. ಪುಕ್ಕಟೆ ಸಿಕ್ಕ ಕೋಟು ಕೂಡ ನನಗೆ ಪುಕ್ಕಟೆ ಅಲ್ಲ. ಅದನ್ನ ಪರೀಕ್ಷೆ ಮಾಡ್ಬೇಕು, ಒಗೀಬೇಕು ಇಲ್ಲಾ ಗಾಳಿಗೆ ಹಾಕ್ಬೇಕು, ಗುಂಡಿ ಹೊಲೀಬೇಕು, ಇಸ್ತ್ರಿ ಮಾಡ್ಬೇಕು, ಎದೆ, ಭುಜ, ತೋಳು, ಉದ್ದ ಅಳೀಬೇಕು, ಫೋಟೋ ತೆಗೀಬೇಕು, ವಿವರ ಬರೀಬೇಕು. ಮಾರಾಟ ಆದ್ಮೇಲೆ ಪ್ಯಾಕ್ ಮಾಡ್ಬೇಕು, ಸೈಜ್ ಆಗ್ಲಿಲ್ಲ ಅಂತ ವಾಪಸ್ ಬಂದ್ರೆ ಮತ್ತೆ ಮೊದಲಿಂದ. ಬಂಡವಾಳ ಸಾಲದಿದ್ರೆ ಸಾಲ ಸಿಗುತ್ತೆ, ಹೊತ್ತು ಯಾರೂ ಸಾಲ ಕೊಡಲ್ಲ. ಅದಕ್ಕೇ ಬಾಗಿಲಲ್ಲಿ ನಾನು ಕೇಳ್ಕೊಳ್ಳೋದು ಒಂದೇ: ಇದು ನನ್ನ ಎಷ್ಟು ಹೊತ್ತು ತಿನ್ನುತ್ತೆ, ಬರೋ ದುಡ್ಡಲ್ಲಿ ಅಷ್ಟು ಹೊತ್ತು ಗಿಟ್ಟುತ್ತಾ?

ಕೋಟು ಕೈಗೆ ಬಂದ್ರೆ ನಾನು ನೋಡೋ ಕ್ರಮ ಹೀಗೆ. ಮೊದಲು ಒಳಗು ಹೊರಗು ಮಾಡಿ ಕಂಕುಳ ಹತ್ರ ಅಸ್ತರು ನೋಡ್ತೀನಿ. ಬಟ್ಟೆ ಮೊದಲು ಕೊಳೆಯೋದು ಅಲ್ಲೇ. ಬೆವರಿಗೆ ರೇಷ್ಮೆ ಅಸ್ತರು ಪುಡಿ ಆಗಿದ್ರೆ ಅಸ್ತರು ಪೂರ್ತಿ ಬದಲಾಯಿಸ್ಬೇಕು, ಅಷ್ಟು ಕೆಲಸ ನನಗೆ ಗಿಟ್ಟಲ್ಲ. ಆಮೇಲೆ ಕಾಲರ್ ಮಡಿಕೆ, ತೋಳಿನ ತುದಿ, ಜೇಬಿನ ಬಾಯಿ. ಆಮೇಲೆ ಬೆಳಕಿಗೆ ಎತ್ತಿ ಹಿಡೀತೀನಿ. ಉಣ್ಣೆಯಲ್ಲಿ ನುಸಿ ತಿಂದ ತೂತು ಕೆಳಗೆ ಹಾಸಿದಾಗ ಕಾಣಲ್ಲ, ಹಿಂದಿಂದ ಬೆಳಕು ಬಂದ್ರೆ ಚುಕ್ಕಿ ಚುಕ್ಕಿಯಾಗಿ ಕಾಣುತ್ತೆ. ಕೊನೆಗೆ ಜಿಪ್ ಮೇಲೆ ಕೆಳಗೆ ಎಳೀತೀನಿ. ಇಷ್ಟಕ್ಕೆ ಹೆಚ್ಚು ಹೊತ್ತು ಬೇಡ, ಮುಕ್ಕಾಲು ಪಾಲು ಬಟ್ಟೆ ಇಲ್ಲೇ ವಾಪಸ್ ಹೋಗುತ್ತೆ.

ಒಳಗೆ ತಗೊಂಡ ಉಣ್ಣೆ ಬಟ್ಟೆ ನೇರ ಹ್ಯಾಂಗರಿಗೆ ಹೋಗಬಾರದು. ಗಾಳಿ ಆಡದ ಹಾಗೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ −18 ಡಿಗ್ರಿ ಸೆಲ್ಸಿಯಸ್ ಫ್ರೀಜರಿನಲ್ಲಿ ಎರಡು ವಾರ ಇಡಿ, ನುಸಿಯ ಮೊಟ್ಟೆ, ಹುಳ ಸಾಯುತ್ತವೆ. ಹೊರಗೆ ತೆಗೆದ್ಮೇಲೆ ತಣ್ಣಗಿರುವಾಗ್ಲೇ ಚೀಲ ಬಿಚ್ಚಬೇಡಿ, ಗಾಳಿಯ ತೇವ ಬಟ್ಟೆ ಮೇಲೆ ಕೂರುತ್ತೆ. ಬಟ್ಟೆ ತಿನ್ನೋದು ಹಾರಾಡೋ ಪತಂಗ ಅಲ್ಲ, ಅದರ ಮರಿಹುಳ. ಪತಂಗ ಕಣ್ಣಿಗೆ ಬಿತ್ತು ಅಂದ್ರೆ ಹುಳ ಮೊದಲೇ ತನ್ನ ಕೆಲಸ ಮುಗಿಸಿದೆ ಅಂತ.

ಬೆಳಕುಕಿಂಡಿ:

ಸೂಜಿದಾರ ಮೇಡಂ ಹೇಳಿದ್ದು ಸರಿ. ಆದರೆ ಹೊತ್ತಿನ ಲೆಕ್ಕ ಹಾಕೋದಕ್ಕೂ ಮೊದಲು ವಸ್ತುವಿನ ಬಗ್ಗೆ ತಿಳಿವಳಿಕೆ ಬೇಕಲ್ಲವೇ? ಅವರಿಗೆ ಕೋಟಿನ ರೋಗ ಎಲ್ಲಿರುತ್ತೆ ಅಂತ ಗೊತ್ತು, ಅದಕ್ಕೇ ಬೇಗ ತೀರ್ಮಾನ ಆಗುತ್ತೆ. ಅದೇ ಕೋಟು ನನ್ನ ಮುಂದೆ ಇಟ್ಟರೆ ಅರ್ಧ ಗಂಟೆ ನೋಡಿಯೂ ತಪ್ಪು ಹೇಳ್ತೀನಿ. ಹಾಗಾಗಿ ಹಿಂದಿನಕೋಣೆಯವರಿಗೆ ನನ್ನ ಸಲಹೆ: ನಿಮಗೆ ಆಳವಾಗಿ ಗೊತ್ತಿರುವ ಒಂದೋ ಎರಡೋ ಬಗೆಯ ವಸ್ತು ಮಾತ್ರ ಇಟ್ಟುಕೊಳ್ಳಿ.

ನಾನು ಫಿಲ್ಮ್ ಕ್ಯಾಮೆರಾ ಮಾರುವವನು. ಕ್ಯಾಮೆರಾ ಕೈಗೆ ಬಂದ ಕೂಡಲೇ ಬ್ಯಾಟರಿ ಮುಚ್ಚಳ ಬಿಚ್ತೀನಿ. ಹಸಿರು ಅಥವಾ ಬಿಳಿ ಪುಡಿ ಕಂಡರೆ ಬ್ಯಾಟರಿ ಸೋರಿದೆ. ಪುಡಿ ಸಂಪರ್ಕದ ತಗಡಿನ ಮೇಲಷ್ಟೇ ಇದ್ದರೆ ಒರೆಸಬಹುದು, ತಂತಿಯೊಳಗೆ ಹೋಗಿದ್ದರೆ ಬಿಟ್ಟುಬಿಡಿ. ಆಮೇಲೆ ಲೆನ್ಸ್ ಕಳಚಿ, ಅಪರ್ಚರ್ (ಬೆಳಕು ಒಳಬಿಡುವ ಕಿಂಡಿ) ಪೂರ್ತಿ ತೆರೆದು, ಹಿಂದಿನಿಂದ ಟಾರ್ಚ್ ಹಾಯಿಸ್ತೀನಿ. ಫಂಗಸ್ ಇದ್ದರೆ ಜೇಡರ ಬಲೆಯ ಎಳೆಯ ಹಾಗೆ ಅಂಚಿನಿಂದ ಒಳಕ್ಕೆ ಹಬ್ಬಿರುತ್ತೆ. ಅಂಥ ಲೆನ್ಸನ್ನು ಬೇರೆ ಲೆನ್ಸುಗಳ ಪಕ್ಕ ತೇವದ ಕಪಾಟಿನಲ್ಲಿ ಇಡೋದೂ ಒಳ್ಳೆಯದಲ್ಲ. ಧೂಳಿನ ಕಣ ನಾಲ್ಕು ಇದ್ದರೆ ಚಿಂತೆ ಇಲ್ಲ, ಫೋಟೋದಲ್ಲಿ ಕಾಣೋದಿಲ್ಲ. ಶಟರನ್ನು ಒಂದು ಸೆಕೆಂಡಿಗೆ ಇಟ್ಟು ಒತ್ತಿ ಕಿವಿಗೊಟ್ಟು ಕೇಳ್ತೀನಿ. ಒಳಗಿನ ಎಣ್ಣೆ ಗಟ್ಟಿಯಾಗಿದ್ದರೆ ಮೊದಲು ಎಳೆದಾಡೋದು ಇಂಥ ನಿಧಾನದ ವೇಗಗಳೇ. ಹಿಂಬಾಗಿಲಿನ ಅಂಚಿನ ಫೋಮ್ ಜಿಗುಟಾಗಿದ್ದರೆ ಬೆಳಕು ಸೋರುತ್ತೆ, ಅದು ನಾನೇ ಬದಲಾಯಿಸಬಲ್ಲ ಕೆಲಸ, ತಗೋತೀನಿ.

1960, 70ರ ದಶಕದ ಎಷ್ಟೋ ಕ್ಯಾಮೆರಾಗಳು 1.35 ವೋಲ್ಟಿನ ಪಾದರಸದ ಬ್ಯಾಟರಿಗೆ ಮಾಡಿದವು. ಅದೀಗ ಸಿಗೋಲ್ಲ. ಅಳತೆ ಕೂರುತ್ತೆ ಅಂತ 1.5 ವೋಲ್ಟಿನದ್ದು ಹಾಕಿದರೆ ಬೆಳಕು ಅಳೆಯುವ ಮೀಟರಿನ ಮುಳ್ಳು ಆಡುತ್ತೆ, ಆದರೆ ಅನೇಕ ಮಾಡೆಲ್‌ಗಳಲ್ಲಿ ಬೆಳಕಿನ ಲೆಕ್ಕ ತಪ್ಪು ತೋರಿಸುತ್ತೆ. ಅಂಥದ್ದನ್ನು ‘ಮೀಟರ್ ಕೆಲಸ ಮಾಡುತ್ತೆ’ ಅಂತ ಬರೆದು ಮಾರೋದು ಕೊಂಡವರಿಗೆ ಮಾಡುವ ಅನ್ಯಾಯ. ಒಂದು ಸಾಲು ಹೆಚ್ಚು ಬರೆದು ವಿಷಯ ತಿಳಿಸಿಬಿಡಿ.

ಹಿಂದಿನಕೋಣೆ:

ಇಬ್ಬರಿಗೂ ತುಂಬಾ ಧನ್ಯವಾದ. ಬೆಳಕುಕಿಂಡಿ ಸರ್, ಒಂದೇ ಬಗೆಗೆ ಇಳಿಯಲು ನನಗೆ ಧೈರ್ಯ ಸಾಲುತ್ತಿಲ್ಲ. ಕೋಟು ನೋಡಲು ಬಂದವರು ಪುಸ್ತಕ ಕೊಂಡು ಹೋಗುತ್ತಾರೆ, ಪುಸ್ತಕಕ್ಕೆ ಬಂದವರು ಹೂಜಿ ಎತ್ತಿಕೊಳ್ಳುತ್ತಾರೆ. ಆ ಬೆರಕೆಯೇ ಜನರನ್ನು ಎಳೆದು ತರುತ್ತಿದೆ ಎಂದು ನನ್ನ ಭಾವನೆ.

ಇನ್ನೊಂದು ಮಾತು: ಪೆಟ್ಟಿಗೆ ಪೂರ್ತಿ ಕೊಳ್ಳಬೇಕೋ, ಆರಿಸಿ ಕೊಳ್ಳಬೇಕೋ? ಆರಿಸಿದರೆ ‘ಒಳ್ಳೆಯದನ್ನೆಲ್ಲ ತೆಗೆದುಕೊಂಡು ಕಸ ನಮಗೇ ಬಿಡುತ್ತೀರಾ’ ಅನ್ನುತ್ತಾರೆ.

ಲೆಕ್ಕಪತ್ರ:

ಆರಿಸಿ ಕೊಳ್ಳಿ. ಆರಿಸಿದ್ದಕ್ಕೆ ಸ್ವಲ್ಪ ಹೆಚ್ಚು ಕೊಟ್ಟರೂ ಚಿಂತೆಯಿಲ್ಲ. ಪೂರ್ತಿ ಪೆಟ್ಟಿಗೆ ಕೊಂಡರೆ ಬೇಡದ್ದನ್ನು ಸಾಗಹಾಕುವ ಕೆಲಸವನ್ನೂ ನೀವೇ ದುಡ್ಡು ಕೊಟ್ಟು ಕೊಂಡ ಹಾಗೆ. ಪೂರ್ತಿ ಕೊಳ್ಳಲೇಬೇಕಾದ ಸಂದರ್ಭದಲ್ಲಿ ಕಣ್ಣಿಗೆ ಬಿದ್ದ ಎರಡು ಮೂರು ವಸ್ತುಗಳಿಂದಲೇ ಹಾಕಿದ ದುಡ್ಡೆಲ್ಲ ವಾಪಸ್ ಬರುವ ಹಾಗಿದ್ದರೆ ಮಾತ್ರ ಒಪ್ಪಿ. ಉಳಿದದ್ದರ ಮೇಲೆ ಆಸೆ ಇಟ್ಟು ರೇಟು ಕಟ್ಟಬೇಡಿ.

ಲೆಕ್ಕದ ಪುಸ್ತಕದ ವಿಷಯವನ್ನು ಇಲ್ಲಿ ಯಾರೂ ಎತ್ತಿಲ್ಲ. ಪ್ರತಿ ವಸ್ತುವಿಗೆ ಒಂದು ನಂಬರು ಕೊಡಿ. ಆ ನಂಬರಿನ ಎದುರು ಯಾರಿಂದ ಬಂತು, ಎಷ್ಟು ಕೊಟ್ಟಿರಿ, ಒಳಗೆ ಬಂದ ದಿನ, ಮಾರಾಟವಾದ ದಿನ, ಬಂದ ಹಣ ಬರೆದಿಡಿ. ಇದಕ್ಕೆ ಎರಡು ಕಾರಣ. ಒಂದು, ಕದ್ದ ಮಾಲು. ತಂದವರ ಗುರುತು ಬರೆದಿಡಬೇಕೆಂದು ಎಷ್ಟೋ ಕಡೆ ಕಾನೂನೇ ಇದೆ. ಕಾನೂನು ಕೇಳದಿದ್ದರೂ ನಾಳೆ ಯಾರಾದರೂ ಬಂದು ಇದು ನಮ್ಮನೆಯದು ಅಂದರೆ ನಿಮ್ಮ ಕೈಯಲ್ಲಿ ಇರುವುದು ಆ ಪುಸ್ತಕ ಮಾತ್ರ. ಎರಡು, ತೆರಿಗೆ. ಯುರೋಪಿಯನ್ ಒಕ್ಕೂಟದ ದೇಶಗಳಲ್ಲಿ, ಬ್ರಿಟನ್ನಿನಲ್ಲಿ ಹಳೇ ಸಾಮಾನಿನ ವ್ಯಾಪಾರಿಗೆ ಮಾರ್ಜಿನ್ ಸ್ಕೀಮ್ ಎಂಬ ಅನುಕೂಲ ಇದೆ. ಮಾರಿದ ಪೂರ್ತಿ ಮೊತ್ತದ ಮೇಲಲ್ಲ, ಕೊಂಡ ಬೆಲೆಗೂ ಮಾರಿದ ಬೆಲೆಗೂ ಇರುವ ವ್ಯತ್ಯಾಸದ ಮೇಲೆ ಮಾತ್ರ ವ್ಯಾಟ್, ಅಂದರೆ ಮೌಲ್ಯವರ್ಧಿತ ತೆರಿಗೆ. ಕೊಂಡ ಬೆಲೆಗೆ ದಾಖಲೆ ಇಲ್ಲದಿದ್ದರೆ ಈ ಅನುಕೂಲ ಕೈತಪ್ಪುತ್ತದೆ. ನಿಮ್ಮಲ್ಲಿ ಯಾವ ನಿಯಮ ಇದೆ ಎಂದು ಲೆಕ್ಕಪರಿಶೋಧಕರನ್ನು ಕೇಳಿ, ಪುಸ್ತಕವನ್ನು ಮಾತ್ರ ಇಂದೇ ಶುರುಮಾಡಿ.

ಒಳಗೆ ಬಂದ ತಿಂಗಳನ್ನು ಬೆಲೆಚೀಟಿಯ ಮೂಲೆಯಲ್ಲಿ ಸಂಕೇತವಾಗಿ ಬರೆಯಿರಿ. ಎಷ್ಟು ತಿಂಗಳಿಗೆ ಬೆಲೆ ಇಳಿಸಬೇಕು, ಯಾವಾಗ ದಾನಕ್ಕೆ ಕಳಿಸಬೇಕು ಎಂದು ಮೊದಲೇ ಗೊತ್ತು ಮಾಡಿಕೊಂಡರೆ ಪ್ರತಿ ಸಲ ಆ ವಸ್ತುವಿನ ಮುಂದೆ ನಿಂತು ಯೋಚಿಸುವ ಕೆಲಸ ಇರುವುದಿಲ್ಲ. ಒಬ್ಬರೇ ಇರುವವರಿಗೆ ಕೈಕೆಲಸಕ್ಕಿಂತ ಈ ಯೋಚನೆಯ ದಣಿವೇ ಹೆಚ್ಚು.

ಮಾರಾಟವಾದ ಮೇಲೆ ಹಣ ಕೊಡುವ ಕರಾರಿನಲ್ಲಿ ವಸ್ತು ಇಟ್ಟುಕೊಳ್ಳುವವರೂ ಇದ್ದಾರೆ. ಬಂಡವಾಳ ಬೇಡ, ನಿಜ. ಆದರೆ ವಸ್ತು ಇಟ್ಟವರು ವಾರ ವಾರ ಫೋನ್ ಮಾಡುತ್ತಾರೆ. ಪಾಲೆಷ್ಟು, ಅವಧಿ ಎಷ್ಟು, ಬೆಲೆ ಇಳಿಸುವ ಹಕ್ಕು ಯಾರಿಗೆ, ಒಡೆದರೆ ಕಳುವಾದರೆ ಯಾರ ಜವಾಬ್ದಾರಿ, ವಾಪಸ್ ಒಯ್ಯದಿದ್ದರೆ ಏನು, ಇಷ್ಟನ್ನು ಬರೆದು ಸಹಿ ಹಾಕಿಸಿಕೊಳ್ಳದೆ ಒಪ್ಪಬೇಡಿ. ಬೆಲೆಬಾಳುವ ಕೆಲವೇ ವಸ್ತುಗಳಿಗೆ ಸರಿ, ಸಣ್ಣಪುಟ್ಟದ್ದಕ್ಕೆ ಖಂಡಿತ ಗಿಟ್ಟುವುದಿಲ್ಲ.

ತಟ್ಟೆಪುಸ್ತಕ:

ಪುಸ್ತಕ, ತಟ್ಟೆ ನನ್ನ ಭಾಗ.

ಬೂಷ್ಟು ಹಿಡಿದ ಪುಸ್ತಕ ಒಂದನ್ನೂ ಒಳಗೆ ಬಿಡಬೇಡಿ. ಎಷ್ಟೇ ಅಪರೂಪದ್ದು ಅಂತ ಅನ್ನಿಸಿದರೂ ಸರಿ. ಪುಸ್ತಕ ತೆರೆದು ಬೆನ್ನಿನ ಒಳಗೆ ಮೂಗಿಟ್ಟು ನೋಡಿ. ಬರೀ ಹಳೇ ಕಾಗದದ ವಾಸನೆ ಬೇರೆ, ನೆಲಮಾಳಿಗೆಯ ವಾಸನೆ ಬೇರೆ. ಎರಡನೆಯದು ಬಂದರೆ ಪೂರ್ತಿ ಪೆಟ್ಟಿಗೆಗೇ ಬೇಡ ಅನ್ನಿ. ಹಾಳೆ ಮೇಲೆ ಕಂದು ಚುಕ್ಕಿ ಬಿದ್ದಿದ್ದು ಮಾತ್ರ ಆದರೆ, ಪುಸ್ತಕ ಒಣಗಿದ್ದರೆ, ವಿವರದಲ್ಲಿ ಬರೆದು ಮಾರಬಹುದು.

ಕಾಲ ಗುರುತಿಸೋಕೆ ಸುಲಭದ ಗೆರೆಗಳು ಇವೆ. ಪುಸ್ತಕಗಳಿಗೆ ಕೊಡುವ ಗುರುತಿನ ಸಂಖ್ಯೆ ಐಎಸ್‌ಬಿಎನ್ ಅಂತರರಾಷ್ಟ್ರೀಯ ಕ್ರಮವಾಗಿದ್ದು 1970ರಲ್ಲಿ, 13 ಅಂಕಿ ಆಗಿದ್ದು 2007ರ ಜನವರಿಯಿಂದ. ಬಾರ್‌ಕೋಡ್ ಅಂಗಡಿಯ ಗಲ್ಲಾದಲ್ಲಿ ಮೊದಲು ಸ್ಕ್ಯಾನ್ ಆಗಿದ್ದು 1974ರ ಜೂನ್‌ನಲ್ಲಿ, ಅಮೆರಿಕದ ಒಹಾಯೊದಲ್ಲಿ. ಹಾಗಾಗಿ ರಕ್ಷಾಪುಟದಲ್ಲೇ ಬಾರ್‌ಕೋಡ್ ಮುದ್ರಿಸಿದ್ದರೆ ಅದು 1950ರ ಪ್ರತಿ ಆಗಲಾರದು, ಒಳಗೆ ಯಾವ ಇಸವಿ ಇದ್ದರೂ. ಇನ್ನೊಂದು, ಯುವಿ (ನೇರಳಾತೀತ ಬೆಳಕಿನ) ಟಾರ್ಚ್ ಇಟ್ಟುಕೊಳ್ಳಿ. ಕಾಗದಕ್ಕೆ ಬೆಳ್ಳಗಾಗಲು ಹಾಕುವ ರಾಸಾಯನಿಕ ಬಳಕೆಗೆ ಬಂದಿದ್ದು ಸುಮಾರು 1950ರಿಂದೀಚೆಗೆ. 1920ರ ಪೋಸ್ಟರ್ ಅಂತ ತಂದದ್ದು ಆ ಬೆಳಕಿನಲ್ಲಿ ನೀಲಿಯಾಗಿ ಫಳಫಳ ಹೊಳೆದರೆ ನಂಬಬೇಡಿ. ಅದೇ ಟಾರ್ಚಿಗೆ ಯುರೇನಿಯಂ ಬೆರೆಸಿ ಮಾಡಿದ ಹಳೇ ಗಾಜು ಕಡು ಹಸಿರಾಗಿ ಬೆಳಗುತ್ತೆ, ನಿಮ್ಮ ಗಾಜಿನ ಸಾಮಾನಿಗೂ ಉಪಯೋಗ.

ತಟ್ಟೆಗಳಲ್ಲಿ ಒಂದು ಮುಖ್ಯ. ನಿಮಿಷಕ್ಕೆ 78 ಸುತ್ತು ತಿರುಗುವ ಹಳೇ ತಟ್ಟೆಗಳು ಹೆಚ್ಚಿನವು ಅರಗಿನವು. ವಿನೈಲ್ ಎಂಬ ಪ್ಲಾಸ್ಟಿಕ್ಕಿನ ತಟ್ಟೆಗಳಿಗೆ ಮಾಡಿದ, ಆಲ್ಕೋಹಾಲ್ ಬೆರೆತ ದ್ರವದಲ್ಲಿ ಅವನ್ನು ಒರೆಸಿದರೆ ಮೇಲ್ಮೈ ಕರಗಿ ಹಾಳಾಗುತ್ತೆ. 1948ರಲ್ಲಿ ಎಲ್‌ಪಿ (ಹೆಚ್ಚು ಹೊತ್ತು ಹಾಡುವ ತಟ್ಟೆ) ಬಂತು, ಅಲ್ಲಿಂದ ಮುಂದೆ ವಿನೈಲ್ ಹೆಚ್ಚು. ಗ್ರೇಡ್ ಬರೆಯುವಾಗಲೂ ಹುಷಾರು. ಸಂಗ್ರಾಹಕರ ಲೆಕ್ಕದಲ್ಲಿ ‘ಗುಡ್’ ಅಂದರೆ ಕೆರೆದು ಹೋದ, ಸದ್ದು ಮಾಡುವ ತಟ್ಟೆ. ‘ವೆರಿ ಗುಡ್ ಪ್ಲಸ್’ ಇಂದ ಮೇಲಕ್ಕೆ ಇದ್ದರೆ ಮಾತ್ರ ಸಾಮಾನ್ಯ ಶೀರ್ಷಿಕೆಗಳು ಬೇಗ ಹೋಗುತ್ತವೆ.

ಬೆಳಕುಕಿಂಡಿಯವರ ‘ಒಂದೇ ಬಗೆ’ ಮಾತಿಗೆ ನನ್ನ ಒಪ್ಪಿಗೆ ಇಲ್ಲ. ಹಿಂದಿನಕೋಣೆಯವರು ಹೇಳಿದ ಬೆರಕೆಯ ಸೆಳೆತ ನಿಜ. ಬಗೆ ಕಡಿಮೆ ಮಾಡಬೇಡಿ, ಪ್ರತಿ ಬಗೆಗೆ ಜಾಗ ಗೊತ್ತು ಮಾಡಿ. ಪುಸ್ತಕಕ್ಕೆ ಒಂದು ಕಪಾಟು ಅಂದರೆ ಒಂದೇ ಕಪಾಟು. ತುಂಬಿದ ಮೇಲೆ ಹೊಸದೊಂದು ಬರಬೇಕಾದರೆ ಹಳೆಯದೊಂದು ಇಳಿಯಬೇಕು.

ಬೀಗದಕೈ:

ಕೆಲವು ವಸ್ತುಗಳಿಗೆ ಹೊತ್ತಿನ ಲೆಕ್ಕವೂ ಬೇಡ, ಜಾಗದ ಲೆಕ್ಕವೂ ಬೇಡ. ನೇರವಾಗಿ ‘ಇಲ್ಲ’.

ದಂತದ ವಸ್ತು. ಆಫ್ರಿಕದ ಆನೆಯನ್ನು ಸೈಟಿಸ್ ಒಪ್ಪಂದದ (ಅಳಿವಿನಂಚಿನ ಪ್ರಾಣಿ, ಸಸ್ಯಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದ) ಮೊದಲ ಪಟ್ಟಿಗೆ ಸೇರಿಸಿದ್ದು 1989ರಲ್ಲಿ, ದಂತದ ಅಂತರರಾಷ್ಟ್ರೀಯ ವ್ಯಾಪಾರ 1990ರಿಂದ ನಿಂತಿತು. ಹಲವು ದೇಶಗಳು ಒಳಗಿನ ವ್ಯಾಪಾರವನ್ನೂ ನಿಷೇಧಿಸಿವೆ. ಆಮೆ ಚಿಪ್ಪಿನ ಬಾಚಣಿಗೆಯದ್ದೂ ಇದೇ ಕಥೆ. ‘ಅಜ್ಜಿಯದು, ನೂರು ವರ್ಷದ್ದು’ ಅನ್ನೋ ಮಾತು ದಾಖಲೆ ಆಗೋಲ್ಲ.

ಮಕ್ಕಳ ಸಾಮಾನು. ಹಳೇ ತೊಟ್ಟಿಲು, ಕಾರ್ ಸೀಟು, ಹೆಲ್ಮೆಟ್ ಬೇಡವೇ ಬೇಡ. ಒಂದು ಬದಿ ಕೆಳಗಿಳಿಸುವಂಥ ಕ್ರಿಬ್ಬುಗಳಿಂದ (ಸುತ್ತ ಕಟಕಟೆ ಇರುವ ಮಗುವಿನ ಮಂಚ) ಶಿಶುಗಳು ಸತ್ತಿದ್ದರಿಂದ ಅಮೆರಿಕದಲ್ಲಿ 2011ರಲ್ಲಿ ಅವುಗಳ ಮಾರಾಟವನ್ನೇ ನಿಲ್ಲಿಸಿದರು, ಹಳೆಯವನ್ನು ಮರುಮಾರಾಟ ಮಾಡುವುದೂ ಸೇರಿ. ಬಣ್ಣ ಹಚ್ಚಿದ ಹಳೇ ಆಟದ ಸಾಮಾನಿನಲ್ಲಿ ಸೀಸ ಇರಬಹುದು. ಅಲಂಕಾರಕ್ಕೆ ಮಾತ್ರ ಅಂತ ಚೀಟಿ ಅಂಟಿಸಿದರೂ ಮಗು ಚೀಟಿ ಓದೋಲ್ಲ.

ಕತ್ತಲಲ್ಲಿ ಹೊಳೆಯುವ ಮುಳ್ಳಿನ ಹಳೇ ಗಡಿಯಾರಗಳಲ್ಲಿ ರೇಡಿಯಂ ಇರಬಹುದು. ಹೊಳಪು ನಿಂತು ಹೋಗಿದ್ದರೂ ವಿಕಿರಣ ನಿಂತಿಲ್ಲ. ರೇಡಿಯಂ 226ರ ಅರ್ಧಾಯುಷ್ಯ 1600 ವರ್ಷ, ಮಂಕಾಗಿರುವುದು ಅದರ ಜೊತೆ ಬೆರೆಸಿದ ಹೊಳಪಿನ ಪುಡಿ. ಗಾಜು ಬಿಚ್ಚಿ ಒರೆಸೋಕೆ ಹೋಗಬೇಡಿ, ಆ ಧೂಳು ಒಳಗೆ ಹೋದರೆ ಅಪಾಯ. ಸೆಲ್ಯುಲಾಯ್ಡ್ ಬಾಚಣಿಗೆ, ಗೊಂಬೆ ಬೇಗ ಹೊತ್ತಿಕೊಳ್ಳುತ್ತವೆ. ಉಜ್ಜಿದಾಗ ಕರ್ಪೂರದ ವಾಸನೆ ಬರುತ್ತೆ, ಅದೇ ಗುರುತು. ದೀಪದ ಹತ್ತಿರ, ಬಿಸಿಲಿನ ಕಿಟಕಿಯಲ್ಲಿ ಇಡಬೇಡಿ.

ಸೂಜಿದಾರ:

ಬೀಗದಕೈ ಅವರ ಪಟ್ಟಿಯನ್ನ ನಾನು ಬಾಗಿಲ ಪಕ್ಕ ಅಂಟಿಸ್ಕೋತೀನಿ.

ಬಟ್ಟೆಯ ಕಾಲದ ಬಗ್ಗೆ ಹೇಳೋದು ಬಿಟ್ಟುಹೋಗಿತ್ತು. ಒಗೆಯೋ ವಿಧಾನ ಬರೆದ ಖಾಯಂ ಲೇಬಲ್ ಇರ್ಲೇಬೇಕು ಅಂತ ಅಮೆರಿಕದಲ್ಲಿ ನಿಯಮ ಬಂದಿದ್ದು 1970ರ ದಶಕದ ಶುರುವಲ್ಲಿ. ಲೀವೈಸ್ ಜೀನ್ಸ್ ಪ್ಯಾಂಟಿನ ಕೆಂಪು ಪಟ್ಟಿಯಲ್ಲಿರೋ ಹೆಸರಲ್ಲಿ ‘ಇ’ ಅಕ್ಷರ ದೊಡ್ಡಕ್ಷರದಲ್ಲಿ (E) ಇದ್ರೆ ಸಾಮಾನ್ಯವಾಗಿ 1971ಕ್ಕಿಂತ ಹಿಂದಿನದು. ಆದ್ರೆ ಆ ಕಂಪನಿಯೇ ಹಳೇ ಮಾದರಿಗಳನ್ನ ಮತ್ತೆ ತಯಾರಿಸಿ ಅದೇ ಪಟ್ಟಿ ಹಾಕಿದೆ, ಹಾಗಾಗಿ ಒಂದೇ ಗುರುತು ನೋಡಿ ಹಿಗ್ಗಬೇಡಿ. ‘ವೆಸ್ಟ್ ಜರ್ಮನಿ’ ಅಂತಿದ್ರೆ 1949ರಿಂದ 1990ರ ಒಳಗೆ. ಲೇಬಲ್, ಜಿಪ್, ಹೊಲಿಗೆ ಮೂರೂ ಒಂದೇ ಕಾಲ ಹೇಳಿದ್ರೆ ಬರೀರಿ, ಇಲ್ದಿದ್ರೆ ‘ಸುಮಾರು’ ಅಂತ ಹಾಕಿ.

ಹಿಂದಿನಕೋಣೆ:

ಮನಸ್ಸಿಗೆ ಕಷ್ಟವಾಗುವ ಒಂದು ವಿಷಯ ಕೇಳಲೇ? ತೀರಿಹೋದ ಅಪ್ಪನದೋ ಅಮ್ಮನದೋ ಸಾಮಾನು ತರುವವರು. ಮಗಳು ಒಂದೊಂದೇ ಸೀರೆ ಬಿಚ್ಚಿ ತೋರಿಸುತ್ತಾಳೆ, ಅವಳಿಗೆ ಅದರಲ್ಲಿ ಒಂದೂ ಸಾಮಾನ್ಯದ್ದಲ್ಲ. ಅಲ್ಲಿ ‘ಬೇಡ’ ಅನ್ನಲು ನನ್ನ ಬಾಯಿ ಬರುವುದಿಲ್ಲ. ಹಿಂದಿನ ಕೋಣೆಯ ಅರ್ಧ ತುಂಬಿರುವುದೇ ಹೀಗೆ.

ಬೀಗದಕೈ:

ಅಯ್ಯೋ, ಇದು ನಮ್ಮೆಲ್ಲರ ಪಾಡು. ಅವರನ್ನು ಮೊದಲು ಕೂರಿಸಿ, ಕುಡಿಯೋಕೆ ನೀರು ಕೊಡಿ, ಎಲ್ಲವನ್ನೂ ನೋಡಿ. ನೋಡದೆ ಬೇಡ ಅಂದರೆ ನೋವಾಗುತ್ತೆ, ನೋಡಿ ಬೇಡ ಅಂದರೆ ಹೆಚ್ಚಿನವರು ಒಪ್ಪುತ್ತಾರೆ. ವಸ್ತು ಚೆನ್ನಾಗಿಲ್ಲ ಅಂತ ಮಾತ್ರ ಹೇಳಬೇಡಿ. ‘ಇದನ್ನು ನಾನು ಮಾರಲಾರೆ’ ಅನ್ನಿ, ಅದು ನಿಜವೂ ಹೌದು. ಯಾವುದು ಯಾರಿಗೆ ಉಪಯೋಗ ಅಂತ ದಾರಿ ತೋರಿಸಿ: ದಾನ ತೆಗೆದುಕೊಳ್ಳುವವರು, ಗ್ರಂಥಾಲಯ, ನಾಟಕ ತಂಡ, ಬಟ್ಟೆಯನ್ನು ಮರುಬಳಕೆ ಮಾಡುವವರು. ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ಕೊಟ್ಟುಬಿಡಿ. ಒಳ್ಳೆಯದು ಒಂದೋ ಎರಡೋ ಇದ್ದರೆ ‘ಇದನ್ನು ಮನೆಯಲ್ಲಿ ಯಾರಾದರೂ ಇಟ್ಟುಕೊಳ್ಳಬಹುದಾ’ ಅಂತ ಮೊದಲು ಕೇಳಿ. ಅವಸರದಲ್ಲಿ ಮಾರಿ ಆಮೇಲೆ ವಾಪಸ್ ಕೇಳಿಕೊಂಡು ಬರುವವರು ಇದ್ದಾರೆ.

ಅವರಿಗೆ ಬೆಲೆ ಗೊತ್ತಿಲ್ಲ, ನಿಮಗೆ ಗೊತ್ತು ಅನ್ನೋ ಹೊತ್ತಿನಲ್ಲಿ ಬಾಯಿ ಬಿಟ್ಟು ಹೇಳಿಬಿಡಿ. ಅದರ ಮಾರುಬೆಲೆ ಇಷ್ಟು ಬರಬಹುದು, ನನ್ನ ಕೆಲಸ ಕಳೆದು ನಾನು ಇಷ್ಟು ಕೊಡಬಲ್ಲೆ ಅಂತ. ದುಃಖದಲ್ಲಿರುವವರ ಕೈಯಿಂದ ಅಗ್ಗಕ್ಕೆ ಕಿತ್ತುಕೊಂಡ ಮಾಲು ನನಗಂತೂ ಬೇಡ.

ಲೆಕ್ಕಪತ್ರ:

ಒಪ್ಪಿದೆ. ಇದರ ಜೊತೆಗೆ, ಕೊಳ್ಳುವುದಕ್ಕೆ ವಾರದಲ್ಲಿ ಇಂತಿಷ್ಟು ಹೊತ್ತು ಎಂದು ಬೋರ್ಡು ಹಾಕಿ. ಅಂಗಡಿ ತುಂಬಾ ಗಿರಾಕಿಗಳಿರುವಾಗ ಪೆಟ್ಟಿಗೆ ಬಿಚ್ಚಿದರೆ ಬೇಡ ಅನ್ನುವುದೂ ಕಷ್ಟ, ಸರಿಯಾಗಿ ನೋಡುವುದೂ ಕಷ್ಟ. ಫೋಟೋ ಮೊದಲೇ ಕಳಿಸಲು ಹೇಳಿದರೆ ಅವರಿಗೂ ಹೊತ್ತು ತರುವ ಶ್ರಮ ತಪ್ಪುತ್ತದೆ. ಬಾಗಿಲು ಮುಚ್ಚಿ ಹಿಂದಿನ ಕೆಲಸ ಮಾಡುವ ದಿನವೊಂದು ವಾರದಲ್ಲಿ ಇರಲೇಬೇಕು. ಆ ದಿನ ಮಾಲು ಒಳಗೆ ಬರಬಾರದು.

ಹಿಂದಿನಕೋಣೆ:

ಕಪಾಟಿನ ಮಿತಿ, ಕೊಳ್ಳುವ ಹೊತ್ತಿನ ಬೋರ್ಡು, ಬೆಲೆಚೀಟಿಯ ತಿಂಗಳು, ಮೂರನ್ನೂ ಈ ವಾರವೇ ಶುರುಮಾಡುತ್ತೇನೆ. ಹಿಂದಿನ ಕೋಣೆಯನ್ನೂ ಬಾಗಿಲಿಗೆ ಈಗಷ್ಟೇ ಬಂದ ಮಾಲೆಂದುಕೊಂಡು ಮೊದಲಿನಿಂದ ಆರಿಸುತ್ತೇನೆ.

ಒಂದು ತುರ್ತು ಪ್ರಶ್ನೆ. ನಾಳೆ ಒಬ್ಬರು ಹಳೇ ವಾಲ್ವ್ ರೇಡಿಯೋಗಳನ್ನು (ಟ್ರಾನ್ಸಿಸ್ಟರಿಗೂ ಮೊದಲಿನ, ಗಾಜಿನ ಕೊಳವೆಗಳಿರುವ ರೇಡಿಯೋ) ತರುತ್ತಾರೆ. ಹಾಡುತ್ತವೆಯೋ ಇಲ್ಲವೋ ಗೊತ್ತಿಲ್ಲವಂತೆ. ಪ್ಲಗ್ ಹಾಕಿ ನೋಡಲೇ?

ಬೆಳಕುಕಿಂಡಿ:

ದಯವಿಟ್ಟು ಹಾಕಬೇಡಿ! ಬಹಳ ಕಾಲ ಸುಮ್ಮನಿದ್ದ ರೇಡಿಯೋದ ಕೆಪಾಸಿಟರ್‌ಗಳು (ವಿದ್ಯುತ್ ಹಿಡಿದಿಡುವ ಬಿಡಿಭಾಗ) ಸಾಮಾನ್ಯವಾಗಿ ಕೆಟ್ಟಿರುತ್ತವೆ, ನೇರ ಕರೆಂಟ್ ಕೊಟ್ಟರೆ ಸಿಡಿಯಬಹುದು, ಟ್ರಾನ್ಸ್‌ಫಾರ್ಮರ್ ಸುಡಬಹುದು. ಕೆಲವು ಮಾದರಿಗಳಲ್ಲಿ ಟ್ರಾನ್ಸ್‌ಫಾರ್ಮರೇ ಇರೋಲ್ಲ, ಒಳಗಿನ ಲೋಹದ ಚೌಕಟ್ಟಿಗೇ ಕರೆಂಟ್ ಇರಬಹುದು. ಗುಂಡಿ ಬಿದ್ದುಹೋಗಿ ಕಡ್ಡಿ ಹೊರಗೆ ಕಾಣುತ್ತಿದ್ದರೆ ಅದನ್ನು ಮುಟ್ಟಿದರೂ ಶಾಕ್.

ಹಾಡುತ್ತಾ ಅನ್ನೋದನ್ನು ಬಿಡಿ, ಮೈ ನೋಡಿ. ಡಯಲ್ ಗಾಜು ಒಡೆದಿಲ್ಲವೇ, ಅಕ್ಷರ ಅಳಿಸಿಲ್ಲವೇ, ಗುಂಡಿಗಳು ಅದರವೇ ಆಗಿ ಪೂರ್ತಿ ಇವೆಯೇ, ಮರದ ಮೇಲ್ಪದರ ಎದ್ದಿಲ್ಲವೇ, ಹಿಂಬದಿಯ ಹಲಗೆ ಇದೆಯೇ. ಈ ಬಿಡಿಭಾಗಗಳು ಬೇರೆ ಕಡೆ ಸಿಗೋದು ಕಷ್ಟ, ಒಳಗಿನ ಕೆಪಾಸಿಟರ್ ಸಿಗುತ್ತೆ. ಮೈ ಚೆನ್ನಾಗಿದ್ದರೆ ‘ಪರೀಕ್ಷಿಸಿಲ್ಲ, ತಿಳಿದವರು ತೆರೆದು ನೋಡದೆ ಪ್ಲಗ್ ಹಾಕಬಾರದು’ ಅಂತ ದೊಡ್ಡದಾಗಿ ಬರೆದು, ರಿಪೇರಿ ಮಾಡುವ ಹವ್ಯಾಸಿಗಳಿಗೆ ಮಾರಿ.

ಹಿಂದಿನಕೋಣೆ:

ಈಗಷ್ಟೇ ಅವರಿಗೆ ಹೇಳಿ ಎಲ್ಲದರ ಹಿಂದು ಮುಂದಿನ ಫೋಟೋ ತರಿಸಿಕೊಂಡೆ. ಎರಡಕ್ಕೆ ಗಾಜು, ಗುಂಡಿ, ಹಿಂಬದಿ ಎಲ್ಲ ಸರಿಯಾಗಿದೆ. ಅವೆರಡನ್ನು ಮಾತ್ರ ತನ್ನಿ, ಉಳಿದವನ್ನು ರೇಡಿಯೋ ಹವ್ಯಾಸಿಗಳಿಗೆ ಬಿಡಿಭಾಗಕ್ಕೆ ಕೊಡಿ ಎಂದು ತಿಳಿಸಿದ್ದೇನೆ. ಅವರೂ ಒಪ್ಪಿದರು.